ನಾಲ್ಕನೆಯ ದಿನದ ತಟ್ಟೆ

ಚಾಕೊಲೇಟ್ ಅಗಾರ್ ಎನ್ನುತ್ತಾರೆ.
ಚಾಕೊಲೇಟಿನ ಚೂರೂ ಇಲ್ಲ ಇದರಲ್ಲಿ,
ಕುರಿಯ ರಕ್ತ, ಹದವಾಗಿ ಬೇಯಿಸಿದ್ದು, ಅಷ್ಟೆ.
ಹೊಸದಾಗಿ ಲ್ಯಾಬಿಗೆ ಬಂದ ಹುಡುಗರಿಗೆ
ಮೊದಲು ಇದನ್ನೇ ಹೇಳಿಕೊಡುತ್ತೇನೆ:
ಹೆಸರು ನಂಬಬೇಡಿ.

ಬಾಟಲಿ ರಾತ್ರಿ ಎರಡಕ್ಕೆ ಕೂಗಿತ್ತು.
ಸ್ಲೈಡಿನಲ್ಲಿ ಸಣಕಲು ಗುಲಾಬಿ ಕಡ್ಡಿಗಳು,
ಎರಡೂ ತುದಿ ಚೂಪು,
ಯಾರೋ ಸೂಜಿಡಬ್ಬಿ ಚೆಲ್ಲಿದ ಹಾಗೆ.
ತಟ್ಟೆಯಲ್ಲಿ ಮಾತ್ರ
ಮೊದಲ ದಿನ ಏನೂ ಇಲ್ಲ.
ಎರಡನೆಯ ದಿನವೂ.
ಮೂರನೆಯ ದಿನ ಐಸಿಯುನಿಂದ ಫೋನು:
ಏನಾದ್ರೂ ಬೆಳೀತಾ ಮೇಡಂ?
ಇಲ್ಲ.
ಬೆರಳು ಕಪ್ಪಾಗ್ತಾ ಇದೆ ಮೇಡಂ.

ಚೀಟಿಯಲ್ಲಿದ್ದದ್ದು ಇಷ್ಟು:
ಪಂಕಜವಲ್ಲಿ, ಐವತ್ತೆಂಟು, ಶ್ರೀರಾಂಪುರ.
ಜ್ವರ. ಬಿ.ಪಿ. ಇಳಿದಿದೆ.
ಗುಲ್ಮ ಇಲ್ಲ, ಹನ್ನೊಂದು ವರ್ಷದ ಹಿಂದೆ
ಓಕಳಿಪುರದ ಹತ್ತಿರ ಆಟೋ ಮಗುಚಿ
ಒಡೆದುಹೋಗಿ ತೆಗೆದದ್ದು.
ಮನೆಯಲ್ಲಿ ಪ್ರಾಣಿ ಇದೆಯೇ ಎಂಬ ಕಾಲಂ
ನಮ್ಮ ಚೀಟಿಯಲ್ಲಿ ಇಲ್ಲ.

ಕೆಳಗಿಳಿದು ಹೋಗಿ ಕೇಳಿದೆ. ನನ್ನ ಕೆಲಸವಲ್ಲ ಅದು.
ಬೆಂಚಿನ ಮೇಲೆ ತಂಗಿ, ತೊಡೆಯ ಮೇಲೆ ಫ್ಲಾಸ್ಕು.
ಮನೇಲಿ ನಾಯಿ ಇದೆಯಾ?
ನಾಯಿ ಅಲ್ಲ, ಗುಂಡಿ, ಎಂದಳು.
ಅಕ್ಕನ ಟೈಲರಿಂಗ್ ಅಂಗಡಿಯಲ್ಲಿ
ಉದುರಿದ ಗುಂಡಿಯ ಹಾಗೆ
ಮೆಷಿನ್ನಿನ ಕೆಳಗೆ ಸಿಕ್ಕಿತಂತೆ, ಕಣ್ಣು ಬಿಡದ ಮರಿ.
ಪೆಡಲಿನ ಸದ್ದು ನಿಂತರೆ
ಇವತ್ತಿಗೂ ನಿದ್ದೆಯಿಂದ ಏಳುತ್ತದಂತೆ.
ಸೂಜಿ ಚುಚ್ಚಿದಾಗ?
ನೆಕ್ಕುತ್ತೆ. ಔಷಧಿ ಅಲ್ವಾ ಮೇಡಂ ನಾಯಿ ಎಂಜಲು?
ನಮ್ಮಜ್ಜಿ ಹೇಳೋರು.

ನನ್ನಜ್ಜಿಯೂ ಹೇಳುತ್ತಿದ್ದಳು.
ನಾಯಿಗೆ ಸಲಿಗೆ ಕೊಟ್ಟರೆ ಮೂತಿ ನೆಕ್ಕಿತಂತೆ,
ಅದನ್ನೂ ಹೇಳುತ್ತಿದ್ದಳು,
ಅದೇ ಬಾಯಲ್ಲಿ,
ನಾಯಿಗೆ ಮೊಸರನ್ನ ಕಲೆಸುತ್ತ.

ಆ ಜೀವಕ್ಕೆ ಗೊತ್ತಿಲ್ಲ ತಾನು ರೋಗವೆಂದು.
ಗುಂಡಿಯ ಒಸಡಿನ ಸಂದಿಯಲ್ಲಿ
ಅದು ಹಳೆಯ ಬಾಡಿಗೆದಾರ,
ಗಲಾಟೆಯಿಲ್ಲ, ಒಲೆ ಹೊತ್ತಿಸಿದ ಹೊಗೆಯೂ ಇಲ್ಲ.
ಬೀದಿಯ ಎಷ್ಟೋ ಬಾಯಿಗಳಲ್ಲಿ ಅದರ ನೆಂಟರು.
ಸಾವಿರ ಸಲ ನೆಕ್ಕಿಸಿಕೊಂಡವರು
ಸಾವಿರ ಸಲವೂ ಕೈ ಒರೆಸಿಕೊಂಡು
ಕಾಫಿ ಕುಡಿಯುತ್ತಾರೆ.
ಯಾಕೆಂದರೆ ಎಡ ಪಕ್ಕೆಲುಬಿನ ಕೆಳಗೆ
ಮುಷ್ಟಿ ಗಾತ್ರದ ಒಬ್ಬ ವಾಚ್‌ಮನ್,
ಬಂದವರನ್ನೆಲ್ಲ ನಿಲ್ಲಿಸಿ ಪುಸ್ತಕದಲ್ಲಿ ಬರೆಸುವವನು.
ಪಂಕಜವಲ್ಲಿಯ ಗೇಟಿನಲ್ಲಿ
ಹನ್ನೊಂದು ವರ್ಷದಿಂದ
ಪ್ಲಾಸ್ಟಿಕ್ ಕುರ್ಚಿ ಖಾಲಿ.

ನಾಲ್ಕನೆಯ ಬೆಳಗ್ಗೆ ಮುಚ್ಚಳ ತೆಗೆದು
ದೀಪಕ್ಕೆ ಓರೆಯಾಗಿ ಹಿಡಿದೆ.
ಬೂದು ಚುಕ್ಕಿಗಳು, ಸಾಸಿವೆಗಿಂತ ಚಿಕ್ಕವು,
ಅಂಚಿನಲ್ಲಿ ಬೆರಳು ಬೆರಳಾಗಿ
ತೆವಳಿಕೊಂಡು ಹೊರಟಿವೆ.
ನಿಜ ಹೇಳಬೇಕೆಂದರೆ ಖುಷಿಯಾಯಿತು.
ಆಮೇಲೆ ಆ ಖುಷಿಯನ್ನು
ಗ್ಲೌಸಿನ ಜೊತೆ ಕಳಚಿ ಕೆಂಪು ಬುಟ್ಟಿಗೆ ಹಾಕಿದೆ.
ರಿಪೋರ್ಟಿನ ಚೌಕದಲ್ಲಿ ಅದರ ಹೆಸರು ಹಿಡಿಸಲಿಲ್ಲ.

ಡಾಕ್ಟರು ಅಂದಾಜಿನ ಮೇಲೆ ಮೊದಲೇ
ಸರಿಯಾದ ಔಷಧಿ ಹಾಕಿದ್ದರು.
ಉಳಿದಳು.
ಎಡಗೈಯ ಎರಡು ಬೆರಳ ತುದಿ ಉಳಿಯಲಿಲ್ಲ.

ಕಾರ್ಪೊರೇಷನ್ ವ್ಯಾನ್ ಕರೆಸಬೇಕಾ ಮೇಡಂ, ತಂಗಿ ಕೇಳಿದಳು,
ಯಾರಿಗೂ ಕೇಳಿಸದ ಹಾಗೆ.
ಬೇಡ, ಎಂದೆ.
ಗಾಯ ನೆಕ್ಕಿಸಬೇಡಿ. ಸೋಪು, ನೀರು.
ಜ್ವರ ಬಂದರೆ ಅದೇ ದಿನ ಬನ್ನಿ,
ಗುಲ್ಮ ಇಲ್ಲ ಅಂತ ಮೊದಲು ಹೇಳಿ, ಹೆಸರಿಗಿಂತ ಮೊದಲು.
ಇಷ್ಟು ದೊಡ್ಡ ಸಂಗತಿಗೆ
ಸೋಪು ಎನ್ನುವಾಗ ನಾಚಿಕೆಯಾಯಿತು.

ದೀಪಾವಳಿ ಕಳೆದ ಮೇಲೆ
ಬ್ಲೌಸ್ ಪೀಸ್ ಹಿಡಿದು ಹೋದೆ, ನೆಪವೇ ಅನ್ನಿ.
ರಬ್ಬರ್ ಗ್ಲೌಸಿನ ಎರಡು ಬೆರಳು ಕತ್ತರಿಸಿ
ಮೊಟಕು ಬೆರಳಿಗೆ ತೊಟ್ಟಿದ್ದಳು.
ಮೆಷಿನ್ನಿನ ಕೆಳಗಿಂದ ಗುಂಡಿ ಬಂದು
ನನ್ನ ಹಿಮ್ಮಡಿಯ ಬಿರುಕು ಮೂಸಿತು.
ಕಾಲು ತಟ್ಟನೆ ಹಿಂದಕ್ಕೆಳೆದುಕೊಂಡೆ.

ಪಂಕಜವಲ್ಲಿ ಟೇಪಿನ ತುದಿ ಹಲ್ಲಲ್ಲಿ ಕಚ್ಚಿಕೊಂಡೇ ನಕ್ಕಳು:
ನಿಮಗಿದೆಯಲ್ಲ ಮೇಡಂ, ಗುಲ್ಮ,
ಎಂದು,
ತೋಳಿನ ಅಳತೆಯನ್ನು
ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೇ ಬರೆದುಕೊಂಡಳು.